ಬಾಗಿಲು ತಟ್ಟುವವರ ಊರಿನಲ್ಲಿ ಒಂದು ಚಳಿಗಾಲ

ಅಮೆರಿಕಕ್ಕೆ ಹೋಗ್ತಿದ್ದೀನಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ: ನ್ಯೂಯಾರ್ಕಾ, ಕ್ಯಾಲಿಫೋರ್ನಿಯಾನಾ? ‘ಡಿಮಾಯ್ನ್’ ಅಂದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ. ಅಯೋವಾ ರಾಜ್ಯದ ರಾಜಧಾನಿ ಅದು. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎರಡು ‘ಎಸ್’ ಇವೆ, ಒಂದನ್ನೂ ಉಚ್ಚರಿಸುವಂತಿಲ್ಲ.

2019ರ ಬೇಸಿಗೆ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋದೆ. ಇನ್ಶೂರೆನ್ಸ್ ಕಂಪನಿಗಳ ಊರು. ನಮ್ಮ ಕ್ಲೈಂಟ್ ಕೂಡ ಅಂಥದ್ದೇ. ಡೌನ್‌ಟೌನಿನಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎರಡನೇ ಮಹಡಿಯಲ್ಲೇ ಗಾಜಿನ ಸೇತುವೆಗಳಿವೆ, ಸ್ಕೈವಾಕ್ ಅಂತಾರೆ. ಚಳಿಗಾಲದಲ್ಲಿ ರಸ್ತೆಗೆ ಇಳಿಯದೇ ಊಟ ಮುಗಿಸಿ ಬರಬಹುದು. ಆಚೆ ದಿಬ್ಬದ ಮೇಲೆ ಚಿನ್ನದ ಗುಮ್ಮಟದ ವಿಧಾನಸಭೆ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ. ನೋಡೋಕೆ ಏನಿದೆ ಅಂತ ಕೇಳಿದರೆ ಇಷ್ಟೇ. ಆದರೆ ನಾಲ್ಕು ವರ್ಷಕ್ಕೊಮ್ಮೆ ಇಡೀ ಅಮೆರಿಕ ಈ ಊರನ್ನು ನೋಡುತ್ತಿತ್ತು. ಅಂಥ ವರ್ಷದಲ್ಲಿ ನಾನು ಅಲ್ಲಿ ಸಿಕ್ಕಿಕೊಂಡಿದ್ದೆ.

ಅಲ್ಲಿ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನೋದನ್ನೂ ಜನರೇ ಆರಿಸ್ತಾರೆ. ನಮ್ಮ ಹಾಗೆ ದೆಹಲಿಯಿಂದ ಪಟ್ಟಿ ಬರಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಪ್ರೈಮರಿ, ಅಂದರೆ ಮತಪೆಟ್ಟಿಗೆ. ಅಯೋವಾದ ಡೆಮಾಕ್ರಟಿಕ್ ಪಕ್ಷದಲ್ಲಿ ಆಗ ಕಾಕಸ್: ಒಂದು ಸಂಜೆ ಏಳು ಗಂಟೆಗೆ ಸರಿಯಾಗಿ ಆಯಾ ಬಡಾವಣೆಯ ಜನ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕಿತ್ತು. ಗುಟ್ಟಿನ ಮತದಾನ ಇರಲಿಲ್ಲ. ಪಕ್ಕದ ಮನೆಯವರು ಎಲ್ಲಿ ನಿಂತರು ಅಂತ ಎಲ್ಲರಿಗೂ ಕಾಣುತ್ತಿತ್ತು. 1972ರಿಂದ ಡೆಮಾಕ್ರಟಿಕ್ ಪಕ್ಷದ ಈ ಸುತ್ತು ಶುರುವಾಗುತ್ತಿದ್ದದ್ದು ಇಲ್ಲಿಂದಲೇ.

ನಾನು ಬಾಡಿಗೆಗಿದ್ದದ್ದು ಅವಳಿ ಮನೆಯ ಒಂದು ಭಾಗದಲ್ಲಿ. ಇನ್ನೊಂದು ಭಾಗದಲ್ಲಿ ನಿವೃತ್ತ ಶಾಲಾ ಟೀಚರ್ ಒಬ್ಬರು ಒಂಟಿಯಾಗಿದ್ದರು. ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಸಲಿಕೆ ಹಿಡಿದು ಏನು ಮಾಡಬೇಕು ಅಂತ ಗೊತ್ತಾಗದೆ ನಿಂತಿದ್ದಾಗ ಹೊರಗೆ ಬಂದು, ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು ಅಂತ ಹೇಳಿಕೊಟ್ಟವರು. ಅವರಿಗೇ ಮೊಣಕಾಲು ನೋವು. ಡಿಸೆಂಬರಿನಲ್ಲಿ ಆಪರೇಷನ್ ಆಗಿ ಕಾರು ಓಡಿಸೋ ಹಾಗಿರಲಿಲ್ಲ. ‘ಶನಿವಾರ ಎರಡು ಗಂಟೆ ಬಿಡುವಿದೆಯಾ?’ ಅಂತ ಕೇಳಿದರು. ಡಾಕ್ಟರ ಹತ್ತಿರ ಹೋಗೋಕೆ ಇರಬೇಕು ಅಂದುಕೊಂಡು ಹೂಂ ಅಂದೆ. ನೋಡಿದರೆ ಪ್ರಚಾರಕ್ಕೆ.

ಅವರು ಪಕ್ಕದ ಮಿನಿಸೋಟಾದ ಸೆನೆಟರ್ ಏಮಿ ಕ್ಲೋಬುಚಾರ್ ಪರ ನಮ್ಮ ಬಡಾವಣೆಯ ‘ಪ್ರೆಸಿಂಕ್ಟ್ ಕ್ಯಾಪ್ಟನ್’. ದೊಡ್ಡ ಪದವಿ ಏನಲ್ಲ, ಸಂಬಳ ಇಲ್ಲ. ಕಾಕಸ್ ದಿನ ತಮ್ಮ ಮೂಲೆಯಲ್ಲಿ ಜನ ನಿಲ್ಲೋ ಹಾಗೆ ನೋಡಿಕೊಳ್ಳೋದು ಅವರ ಕೆಲಸ. ರಾಜ್ಯದಲ್ಲಿ ಸುಮಾರು 1,700 ಪ್ರೆಸಿಂಕ್ಟ್‌ಗಳು. ಒಳ್ಳೆ ಸಂಘಟನೆ ಇರುವ ಅಭ್ಯರ್ಥಿಗೆ ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ಇಂಥ ಒಬ್ಬರು ಬೇಕು.

ವೀಸಾದಲ್ಲಿದ್ದವನು, ನನಗೆ ಭಯ. ವಿಚಾರಿಸಿದೆ. ವಿದೇಶೀಯರು ಹಣ ಪಡೆಯದೆ ಸ್ವಯಂಸೇವೆ ಮಾಡಬಹುದು, ದೇಣಿಗೆ ಮಾತ್ರ ಕೊಡೋ ಹಾಗಿಲ್ಲ. ಒಂದು ಶನಿವಾರ ಸ್ವಯಂಸೇವಕರಿಗೆ ಅಂತ ಡೋನಟ್ ತಗೊಂಡು ಹೋದರೆ ‘ಇದು ದೇಣಿಗೆ ಆಗಿಬಿಡುತ್ತೆ’ ಅಂತ ನಗುತ್ತಾ ದುಡ್ಡು ವಾಪಸ್ ಕೊಟ್ಟರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ನಾನು ಬಾಗಿಲು ತಟ್ಟಲಿಲ್ಲ. ಡ್ರೈವರ್ ಆಗಿದ್ದೆ, ಅಷ್ಟೇ.

ಆದರೆ ಫೋನ್ ನನ್ನ ಕೈಯಲ್ಲಿತ್ತು. ಪ್ರಚಾರದವರ ಆ್ಯಪ್ ತೆರೆದರೆ ರಸ್ತೆಯ ನಕ್ಷೆ, ಒಂದೊಂದು ಮನೆಯ ಮೇಲೂ ಚುಕ್ಕಿ. ಒತ್ತಿದರೆ ಹೆಸರು, ವಯಸ್ಸು, ಯಾವ ಪಕ್ಷಕ್ಕೆ ನೋಂದಣಿ. ಮಾತಾಡಿ ಬಂದ ಮೇಲೆ 1ರಿಂದ 5ರವರೆಗೆ ಅಂಕಿ ಹಾಕಬೇಕು. 1 ಅಂದರೆ ನಮ್ಮವರು, 5 ಅಂದರೆ ಆ ಕಡೆ ಹೋಗಲೇಬೇಡಿ. ಎಂಥಾ ಡೇಟಾಬೇಸ್ ಅಂತ ಮೊದಲ ದಿನ ಬೆರಗಾದೆ. ಆಮೇಲೆ ಅನ್ನಿಸಿತು, ಅರಸೀಕೆರೆ ಹತ್ತಿರದ ನಮ್ಮೂರಿನ ಚಿಕ್ಕಪ್ಪ ಪಂಚಾಯ್ತಿ ಎಲೆಕ್ಷನ್ ಟೈಮಲ್ಲಿ ಇದನ್ನೇ ತಲೆಯಲ್ಲಿ ಇಟ್ಕೊಂಡಿರ್ತಿದ್ದ. ‘ಆ ಮನೇಲಿ ನಾಲ್ಕು ಓಟು, ಮೂರು ನಮ್ದು, ಮಗ ಅನುಮಾನ.’ ಸಿಂಕ್ ಮಾಡೋ ತಾಪತ್ರಯವೇ ಇಲ್ಲ.

ಟೀಚರ್ ಮೇಲಿನ ಅಂಕಿಗಳನ್ನು ಅಷ್ಟಾಗಿ ನಂಬುತ್ತಿರಲಿಲ್ಲ. ಅವರ ಬ್ಯಾಗಿನಲ್ಲಿ ಒಂದು ನೋಟ್‌ಬುಕ್. ಯಾರ ನಾಯಿಗೆ ಹುಷಾರಿಲ್ಲ, ಯಾರ ಗಂಡನಿಗೆ ರಾಜಕೀಯ ಅಂದರೆ ಆಗಲ್ಲ, ಎಲ್ಲ ಅದರಲ್ಲಿ. ಬಾಗಿಲಲ್ಲಿ ನಿಂತು ಅಭ್ಯರ್ಥಿಯ ಹೊಗಳಿಕೆ ಶುರು ಮಾಡಿದ್ದನ್ನು ನಾನು ನೋಡಲೇ ಇಲ್ಲ. ‘ಸೋಮವಾರ ಸಂಜೆ ನಿಮಗೆ ಯಾವ ತೊಂದರೆ?’ ಅಂತಲೇ ಕೇಳೋದು. ಬರೋ ಮನಸ್ಸಿರುವವರನ್ನು ತಡೆಯೋದು ಸಿದ್ಧಾಂತ ಅಲ್ಲ. ಮಗು, ಪಾಳಿ, ಕಾರು. ಅದಕ್ಕೆ ಪರಿಹಾರ ಹುಡುಕಿಕೊಟ್ಟರೆ ಅರ್ಧ ಕೆಲಸ ಮುಗೀತು ಅನ್ನೋರು.

ಇದು ಹೊಸ ವಿದ್ಯೆ ಏನಲ್ಲ. 1976ರಲ್ಲಿ ಜಾರ್ಜಿಯಾದ ಮಾಜಿ ಗವರ್ನರ್ ಜಿಮ್ಮಿ ಕಾರ್ಟರ್ ಯಾರು ಅಂತ ದೇಶಕ್ಕೆ ಗೊತ್ತಿರಲಿಲ್ಲ. ಅಯೋವಾದಲ್ಲಿ ಬೆಂಬಲಿಗರ ಮನೆಗಳಲ್ಲೇ ಉಳಿದುಕೊಂಡು ಊರೂರು ಸುತ್ತಿದರು. ಆ ಕಾಕಸ್‌ನಲ್ಲಿ ಮೊದಲ ಸ್ಥಾನ ಬಂದದ್ದು ‘ಇನ್ನೂ ತೀರ್ಮಾನಿಸಿಲ್ಲ’ ಅನ್ನೋ ಗುಂಪಿಗೆ, ಎರಡನೆಯದು ಕಾರ್ಟರ್‌ಗೆ. ಆದರೂ ಸುದ್ದಿಯಾದದ್ದು ಅವರೇ. ಅದೇ ವರ್ಷ ಅಧ್ಯಕ್ಷರಾಗಿ ಆಯ್ಕೆಯಾದರು. 2008ರಲ್ಲಿ ಒಬಾಮಾ ಅವರ ಯುವ ಸಂಘಟಕರು ಹಳೇ ಪಟ್ಟಿ ಬಿಟ್ಟು ಯಾವತ್ತೂ ಕಾಕಸ್‌ಗೆ ಬಾರದವರ ಮನೆಗಳಿಗೆ ಹೋದರು. 2004ರಲ್ಲಿ ಸುಮಾರು 1.24 ಲಕ್ಷ ಜನ ಬಂದಿದ್ದ ಕಡೆ ಆ ಸಲ ಸುಮಾರು 2.39 ಲಕ್ಷ ಜನ ಬಂದರು. ಹಿಲರಿ ಕ್ಲಿಂಟನ್ ಮೂರನೇ ಸ್ಥಾನಕ್ಕೆ ಹೋದರು. ಟೀಚರ್ ಕೂಡ ಆ ಚಳಿಯಲ್ಲೇ ಮೊದಲ ಸಲ ಬಾಗಿಲು ತಟ್ಟಿದ್ದಂತೆ.

2020ರ ಜನವರಿಯಲ್ಲಿ ಇನ್ನೊಂದು ವಿಚಿತ್ರ ಆಯಿತು. ಟ್ರಂಪ್ ವಾಗ್ದಂಡನೆ ವಿಚಾರಣೆ ಶುರುವಾಗಿ ಸೆನೆಟರ್‌ಗಳೆಲ್ಲ ವಾಷಿಂಗ್ಟನ್ನಿನಲ್ಲಿ ಕೂರಲೇಬೇಕಾಯಿತು. ಕ್ಲೋಬುಚಾರ್, ಸ್ಯಾಂಡರ್ಸ್, ವಾರನ್, ಮೂವರೂ. ರಾಜ್ಯದ 99 ಕೌಂಟಿಗಳನ್ನೂ ಸುತ್ತಿ ಮುಗಿಸಿದ್ದ ಕ್ಲೋಬುಚಾರ್ ಕೊನೆಯ ವಾರಗಳಲ್ಲಿ ಹೆಚ್ಚಾಗಿ ಟಿವಿಯಲ್ಲೇ ಕಾಣಿಸುತ್ತಿದ್ದರು. ‘ಈಗ ಅಭ್ಯರ್ಥಿ ನಾವೇ’ ಅಂದರು ಟೀಚರ್, ಸ್ನೋ ಬೂಟಿನ ಲೇಸ್ ಕಟ್ಟುತ್ತಾ.

ಕೊನೆಯ ಶನಿವಾರ ನಾನು ಮಾಡಿದ್ದನ್ನು ಹೇಳಿಬಿಡ್ತೀನಿ. ಕತ್ತಲಾಗ್ತಾ ಬಂದಿತ್ತು. ಅವರ ನಡಿಗೆ ಕುಂಟುತ್ತಿತ್ತು. ಆ್ಯಪಿನಲ್ಲಿ ಇನ್ನೊಂದು ಚಿಕ್ಕ ರಸ್ತೆ, ಐದು ಮನೆ ಬಾಕಿ. ಐದರಲ್ಲಿ ನಾಲ್ಕಕ್ಕೆ ‘1’ ಅಂತಲೇ ಇತ್ತು. ‘ಇವರು ಬಂದೇ ಬರ್ತಾರೆ, ಸಾಕು ಬನ್ನಿ’ ಅಂದೆ. ನನಗೂ ಹಸಿವು. ಅವರು ಒಂದು ಕ್ಷಣ ಸುಮ್ಮನಿದ್ದು ಕಾರಿಗೆ ಹತ್ತಿದರು. ಭಾನುವಾರ ಸೂಪರ್ ಬೌಲ್. ಮೂರು ಗಂಟೆ ದೂರದ ಕನ್ಸಾಸ್ ಸಿಟಿಯ ತಂಡ ಫೈನಲ್‌ನಲ್ಲಿ. ಅವತ್ತು ಯಾರ ಬಾಗಿಲು ತಟ್ಟಿದರೂ ಬೈಗುಳವೇ.

ಫೆಬ್ರುವರಿ 3, ಸೋಮವಾರ. ಶಾಲೆಯ ಜಿಮ್ಮಿನಲ್ಲಿ ಕಾಕಸ್. ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಒಂದು ಗುಂಪು, ಸ್ಕೋರ್‌ಬೋರ್ಡ್ ಕೆಳಗೆ ಇನ್ನೊಂದು. ನಾನು ವೀಕ್ಷಕರ ಬೆಂಚಿನಲ್ಲಿ. ಬಂದವರು 284. ಕನಿಷ್ಠ ಶೇ 15 ಜನ ಇಲ್ಲದ ಗುಂಪು ಚದುರಬೇಕು. ಅಂದರೆ 43 ಜನ ಬೇಕು. ಟೀಚರ್ ಎಣಿಸಿದರು. ಮತ್ತೆ ಎಣಿಸಿದರು. 39.

ಈಗ ಎರಡನೇ ಸುತ್ತು. ಶೇ 15 ದಾಟಿದ ಗುಂಪಿನವರು ಕದಲುವಂತಿಲ್ಲ. ದಾಟದ ಗುಂಪಿನವರು ಬೇರೆಡೆಗೆ ಸೇರಬಹುದು, ಇಲ್ಲವೇ ತಮ್ಮಂಥ ಇನ್ನೊಂದು ಸೋತ ಗುಂಪಿನವರನ್ನು ಸೆಳೆದುಕೊಳ್ಳಬಹುದು. ಆಂಡ್ರ್ಯೂ ಯಾಂಗ್ ಮೂಲೆಯಲ್ಲಿ ಹತ್ತಾರು ಹುಡುಗರು ಉಳಿದಿದ್ದರು. ಟೀಚರ್ ಕುಂಟುತ್ತಾ ಅಲ್ಲಿಗೆ ಹೋದರು. ಅದರಲ್ಲೊಬ್ಬ ಅವರ ಹಳೇ ವಿದ್ಯಾರ್ಥಿ! ಅವನು, ಅವನ ಗೆಳತಿ ಬಂದರು. 41.

ಇನ್ನು ಇಬ್ಬರು. ಆ ಇಬ್ಬರು ಯಾರು ಅಂತ ನನಗೆ ಗೊತ್ತಿತ್ತು. ಆ ಚಿಕ್ಕ ರಸ್ತೆಯಿಂದ ಒಬ್ಬರೂ ಬಂದಿರಲಿಲ್ಲ. ಅಲ್ಲಿ ಒಬ್ಬಾಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಅದಂತೂ ಆಗದ ಮಾತು. ರಜೆ ಕೇಳಿದರೆ ಕೊಡಲ್ಲ ಅಂತ ಡಿಸೆಂಬರಿನಲ್ಲೇ ಹೇಳಿದ್ದಳು. ಆದರೆ ಮೂಲೆ ಮನೆಯ ವಯಸ್ಸಾದ ಗಂಡಹೆಂಡತಿ? ಅವರಿಗೆ ಬೇಕಿದ್ದದ್ದು ಒಂದು ಕಾರು. ಕಾರು ನನ್ನ ಹತ್ತಿರ ಇತ್ತು.

ಟೈಮ್ ಮುಗೀತು. ಗುಂಪು ಒಡೆಯಿತು. ಮೂರು ಸಲ ಬಾಗಿಲು ತಟ್ಟಿ ಕರೆತಂದಿದ್ದ ಪೆಟ್ರೋಲ್ ಬಂಕಿನ ಹುಡುಗನೊಬ್ಬ, ವಯಸ್ಸು ಹತ್ತೊಂಬತ್ತು, ಮೊದಲ ಕಾಕಸ್, ‘ಈಗ ಎಲ್ಲಿಗೆ ಹೋಗ್ಲಿ?’ ಅಂತ ಅವರ ಮುಖ ನೋಡಿದ. ‘ನಿನಗೆ ಎಲ್ಲಿ ಅನ್ನಿಸುತ್ತೋ ಅಲ್ಲಿಗೆ’ ಅಂದರು. ಅವನು ಸ್ಯಾಂಡರ್ಸ್ ಗುಂಪಿಗೆ ಹೋದ. ಇವರು ಬೈಡನ್ ಕಡೆಗೆ, ನಿಧಾನವಾಗಿ, ಕುರ್ಚಿ ಹಿಡಿದುಕೊಂಡು.

ಆಮೇಲಿನದು ಲೋಕಕ್ಕೇ ಗೊತ್ತು. ಫಲಿತಾಂಶ ಕಳಿಸೋಕೆ ಪಕ್ಷ ಹೊಸದಾಗಿ ಮಾಡಿಸಿದ್ದ ಆ್ಯಪ್ ರಾಜ್ಯದಾದ್ಯಂತ ಕೈಕೊಟ್ಟಿತು. ಆ್ಯಪ್ ಸ್ಟೋರಿನಲ್ಲೂ ಇಲ್ಲದೆ ಟೆಸ್ಟಿಂಗ್ ಲಿಂಕಿನ ಮೂಲಕ ಹಂಚಿದ್ದರಂತೆ. ಇದನ್ನು ಓದಿದಾಗ ಒಬ್ಬ ಎಂಜಿನಿಯರ್ ಆಗಿ ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಫೋನ್ ಮಾಡಿದವರು ಗಂಟೆಗಟ್ಟಲೆ ಹೋಲ್ಡ್‌ನಲ್ಲಿ. ಆ ರಾತ್ರಿ ಫಲಿತಾಂಶ ಬರಲೇ ಇಲ್ಲ. ಉಳಿಸಿದ್ದು ಕಾಗದ: ಆ ವರ್ಷ ಪ್ರತಿಯೊಬ್ಬರೂ ತಮ್ಮ ಆಯ್ಕೆ ಬರೆದು ಸಹಿ ಹಾಕಿದ ಕಾರ್ಡ್‌ಗಳಿದ್ದವು. ಕೊನೆಗೆ ಬುಟಿಜೆಜ್‌ಗೆ 14 ಪ್ರತಿನಿಧಿಗಳು, ಹೆಚ್ಚು ಮತ ಪಡೆದ ಸ್ಯಾಂಡರ್ಸ್‌ಗೆ 12. ಕ್ಲೋಬುಚಾರ್‌ಗೆ ಒಂದೇ ಒಂದು. ನಾಲ್ಕನೇ ಸ್ಥಾನದ ಬೈಡನ್ ಅಭ್ಯರ್ಥಿಯಾದರು, ಅಧ್ಯಕ್ಷರೂ ಆದರು.

ಮಾರನೇ ದಿನ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಆ್ಯಪ್ ವಿಷಯವೇ. ನಾನು ಯೋಚಿಸ್ತಿದ್ದದ್ದು ಇನ್ನೊಂದು ಆ್ಯಪಿನ ಬಗ್ಗೆ. ಅದು ಸರಿಯಾಗೇ ಕೆಲಸ ಮಾಡಿತ್ತು. ನಾಲ್ಕು ಮನೆಗೆ ‘1’ ಅಂತ ತೋರಿಸಿತ್ತು, ಅದೂ ನಿಜವೇ. ನಾನು ಅದನ್ನು ನೋಡಿ ಕಾರು ತಿರುಗಿಸಿದ್ದೆ. ಸಂಜೆ ಟೀಚರ್ ಮನೆಗೆ ಹೋಗಿ ಆ ರಸ್ತೆಯ ವಿಷಯ ಎತ್ತಿದೆ. ‘ಕಾಲು ನನ್ನದು, ನಿನ್ನದಲ್ಲ. ನಾನೇ ಇಳಿದು ಹೋಗಬಹುದಿತ್ತು’ ಅಂದು ಸೂಪ್ ಬಡಿಸಿದರು. ಅದಾದ ಮೇಲೆ ಆ ಮಾತು ಬರಲಿಲ್ಲ. ಮುಂದಿನ ತಿಂಗಳು ಕೊರೊನಾ ಬಂತು. ವರ್ಷದೊಳಗೆ ನಾನು ಬೆಂಗಳೂರಿಗೆ ವಾಪಸ್.

2024ಕ್ಕೆ ಡೆಮಾಕ್ರಟಿಕ್ ಪಕ್ಷ ಮೊದಲ ಸ್ಥಾನವನ್ನು ಅಯೋವಾದಿಂದ ಕಿತ್ತು ಸೌತ್ ಕ್ಯಾರೊಲಿನಾಗೆ ಕೊಟ್ಟಿತು. ಜಿಮ್ಮಿನಲ್ಲಿ ಮೂಲೆ ಹಿಡಿದು ನಿಲ್ಲುವುದು ಹೋಯಿತು, ಕಾರ್ಡ್ ತುಂಬಿ ಅಂಚೆಯಲ್ಲಿ ಕಳಿಸಿದರೆ ಆಯಿತು. ನನಗೆ ಬೇಜಾರಾಗಿ ಟೀಚರ್‌ಗೆ ಮೆಸೇಜ್ ಮಾಡಿದೆ. ಅಡುಗೆಮನೆ ಟೇಬಲ್ ಮೇಲಿನ ಕಾರ್ಡಿನ ಫೋಟೊ ಕಳಿಸಿದರು, ಪಕ್ಕದಲ್ಲಿ ಕಾಫಿ ಮಗ್. ಎರಡು ನಿಮಿಷದ ಕೆಲಸವಂತೆ. ಈ ಸಲ ತಮ್ಮ ಮನೆಗೂ ಯಾರೂ ಬರಲಿಲ್ಲ, ತಾವೂ ಯಾರ ಮನೆಗೂ ಹೋಗಲಿಲ್ಲ ಅಂತ ಬರೆದಿದ್ದರು. ಕೆಳಗೆ ಇನ್ನೊಂದು ಸಾಲು: ಆ ರಾತ್ರಿ ಪಾಳಿಯ ಹೆಂಗಸು ದಾರಿಯಲ್ಲಿ ಸಿಕ್ಕಿದ್ದಳು, ಈ ಸಲ ಅವಳೂ ಕಾರ್ಡ್ ಕಳಿಸಿದ್ದಾಳಂತೆ.