ಬಿಡದಿಯ ದೊಡ್ಡ ಒಲೆ

ಬೇಸಿಗೆ ರಜಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗಳ ಚೀಲದಲ್ಲಿ ಈ ಸಲ ಒಂದು ಹೊಸ ನೋಟ್‌ಬುಕ್ ಇತ್ತು. ‘ನಮ್ಮ ಮನೆಗೆ ಕರೆಂಟು ಎಲ್ಲಿಂದ ಬರುತ್ತದೆ?’ ಎಂದು ಬರೆದುಕೊಂಡು ಹೋಗಬೇಕಂತೆ. “ತಾತ, ಕರೆಂಟ್ ಮಾಡೋ ಜಾಗ ಒಂದಾದ್ರೂ ತೋರ್ಸು” ಎಂದು ಹಟ ಹಿಡಿದಳು. ನಮ್ಮದು ರಾಮನಗರ. ಬಿಡದಿ ಪಕ್ಕದಲ್ಲೇ ಇದೆಯಲ್ಲ ಎಂದು ಬೆಳಗಿನ ರೈಲು ಹತ್ತಿಸಿದೆ.

ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬರುವುದುಂಟೇ? ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಒಂದೇ ಇಡ್ಲಿಗೆ ಅವಳ ಹೊಟ್ಟೆ ತುಂಬಿತು. ಅಲ್ಲಿಂದ ಆಟೋದಲ್ಲಿ ಕೈಗಾರಿಕಾ ಪ್ರದೇಶದ ಕಡೆ ಹೊರಟೆವು. ನನ್ನ ಚಿಕ್ಕಂದಿನಲ್ಲಿ ಇಲ್ಲೆಲ್ಲ ರಾಗಿ ಹೊಲ, ಹಿಪ್ಪುನೇರಳೆ ತೋಟ. 1999ರಿಂದ ಇಲ್ಲಿ ಟೊಯೋಟಾ ಕಾರುಗಳು ತಯಾರಾಗುತ್ತಿವೆ. ಈಗ ರಸ್ತೆಯ ಎರಡೂ ಬದಿ ಕಾರ್ಖಾನೆಗಳ ಕಾಂಪೌಂಡು.

ನಾವು ನೋಡಲು ಹೋದದ್ದು ಕಸದಿಂದ ವಿದ್ಯುತ್ ಮಾಡುವ ಸ್ಥಾವರ. ಕರ್ನಾಟಕ ವಿದ್ಯುತ್ ನಿಗಮವೂ ಬೆಂಗಳೂರಿನ ಪಾಲಿಕೆಯೂ ಸೇರಿ ಕೈಗೊಂಡ ಯೋಜನೆ ಇದು. 2020ರ ಡಿಸೆಂಬರಿನಲ್ಲಿ ಅಡಿಗಲ್ಲು ಹಾಕಿದರು. ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವಾಟ್ ವಿದ್ಯುತ್ ಪಡೆಯುವ ಲೆಕ್ಕಾಚಾರ. ಒಳಗೆ ಹೋಗಲಿಲ್ಲ, ರಸ್ತೆಯಲ್ಲೇ ನಿಂತು ನೋಡಿದೆವು.

“ಕಸ ಸುಟ್ಟರೆ ಬೂದಿ ಬರುತ್ತೆ, ಕರೆಂಟ್ ಹೇಗೆ ಬರುತ್ತೆ ತಾತ?”

“ಅಜ್ಜಿ ಅನ್ನಕ್ಕಿಟ್ಟಾಗ ಕುಕ್ಕರ್ ಸೀಟಿ ಹೊಡೆಯುತ್ತಲ್ಲ, ಅದು ಹಬೆಯ ಬಲ. ಇಲ್ಲಿ ಕಸವೇ ಸೌದೆ. ಮೊದಲು ಅದನ್ನು ಗುಂಡಿಯಲ್ಲಿಟ್ಟು ನೀರು ಬಸಿಯಬೇಕು. ಆಮೇಲೆ 850 ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಡಬೇಕು. ಆ ಶಾಖಕ್ಕೆ ನೀರು ಹಬೆಯಾಗಿ ಚಕ್ರ ತಿರುಗಿಸುತ್ತದೆ. ರಾಯಚೂರಿನಲ್ಲಿ ಕಲ್ಲಿದ್ದಲ ಒಲೆ, ಕೈಗಾದಲ್ಲಿ ಅಣುವಿನ ಒಲೆ. ಒಲೆ ಬೇರೆ ಬೇರೆ, ಹಬೆ ಮಾತ್ರ ಒಂದೇ.”

ಅವಳು ಅಲ್ಲೇ ಲೆಕ್ಕ ಹಾಕಿದಳು. ಒಂದು ಲಾರಿಗೆ ಹತ್ತು ಟನ್ ಎಂದರೆ ದಿನಕ್ಕೆ ಅರವತ್ತು ಲಾರಿ!

ಹತ್ತಿರದ ಟೀ ಅಂಗಡಿಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರು ಸಿಕ್ಕರು. ರೈತರು. ಮೊಮ್ಮಗಳ ಲೆಕ್ಕ ಕೇಳಿ ನಕ್ಕರು. “ಈ ಯೋಜನೆ ಸುದ್ದಿ ಬಂದಾಗ ನಾವೂ ಇದೇ ಲೆಕ್ಕ ಹಾಕಿದ್ವಿ ಕಣವ್ವ. ಲಾರಿ ಸೋರಿದ್ರೆ ನಾತ ಯಾರ್ ಕುಡೀಬೇಕು? ಹೊಗೆ ಯಾವ್ ಕಡೆ ಬೀಸ್ತದೆ? ಬೂದಿ ಎಲ್ಲಿ ಸುರೀತಾರೆ? ಕಸ ಬೆಂಗಳೂರಿಂದು, ಒಲೆ ಯಾಕೆ ನಮ್ಮೂರಲ್ಲಿ?”

ಆ ಭಯ ಎಲ್ಲಿಂದ ಬಂತು ಎಂದು ತೋರಿಸಲು ಆಟೋವನ್ನು ಬೈರಮಂಗಲದ ಕೆರೆಗೆ ತಿರುಗಿಸಿದೆ. ವೃಷಭಾವತಿ ಹೊಳೆ ಬೆಂಗಳೂರಿನಲ್ಲಿ ಹುಟ್ಟಿ ಈ ಕೆರೆಗೆ ಬರುತ್ತದೆ. ಬರುವಾಗ ನಗರದ ಚರಂಡಿ ನೀರನ್ನೂ ಕಾರ್ಖಾನೆಗಳ ಕೊಳೆಯನ್ನೂ ಹೊತ್ತು ತರುತ್ತದೆ. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ಹಿಂದೆ ಇದೇ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದರು ಎಂದರೆ ಅವಳು ನಂಬಲೇ ಇಲ್ಲ. ಬೆಂಗಳೂರಿನ ಇನ್ನೊಂದು ಬದಿಯ ಮಂಡೂರಿನಲ್ಲಿ ಬೆಟ್ಟದಂತೆ ಕಸ ಸುರಿದು, 2014ರಲ್ಲಿ ಊರಿನವರೆಲ್ಲ ರಸ್ತೆಗಿಳಿದದ್ದನ್ನೂ ಹೇಳಿದೆ. ನಗರ ಬಿಟ್ಟ ನೀರನ್ನು ಕಂಡವರು ನಗರ ಕಳಿಸುವ ಕಸದ ಹೊಗೆಯ ಬಗ್ಗೆ ಕೇಳದೆ ಇರುತ್ತಾರೆಯೇ?

ಹೀಗೆ ಕೇಳಿದವರಲ್ಲಿ ಇವರೇ ಮೊದಲಿಗರಲ್ಲ. ಕಾಳಿ ನದಿಯ ದಡದ ಕೈಗಾದಲ್ಲಿ ಅಣು ಸ್ಥಾವರ ಬರುತ್ತದೆ ಎಂದಾಗ ಉತ್ತರ ಕನ್ನಡದ ಜನ ಕಾಡಿನ ಬಗ್ಗೆ, ನದಿಯ ಬಗ್ಗೆ, ವಿಕಿರಣದ ಬಗ್ಗೆ ಕೇಳಿದರು. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಆ ಪ್ರಶ್ನೆ ಹಿಡಿದು ಲೋಕಸಭೆ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ಸ್ಥಾವರದ ಕಾಂಕ್ರೀಟ್ ಗುಮ್ಮಟದ ಒಳಪದರವೇ ಕುಸಿಯಿತು. ಪುಣ್ಯಕ್ಕೆ ಇನ್ನೂ ಅಣು ಇಂಧನ ತುಂಬಿರಲಿಲ್ಲ. ಆಮೇಲೆ ವಿನ್ಯಾಸ ಬದಲಿಸಿ ಕಟ್ಟಿದರು. 2000ದಲ್ಲಿ ವಿದ್ಯುತ್ ಬಂತು. ಈಗ ಅಲ್ಲಿ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್. ಇನ್ನೆರಡು ಘಟಕಗಳ ಯೋಜನೆಗಾಗಿ 2018ರ ಡಿಸೆಂಬರಿನಲ್ಲಿ ಜನರ ಅಹವಾಲು ಕೇಳಿದಾಗಲೂ ಊರಿನವರು ಎದ್ದು ನಿಂತು ಮಾತಾಡಿದರು.

“ಹಾಗಾದ್ರೆ ಕರೆಂಟೇ ಬೇಡ್ವಾ ತಾತ?”

“ಬೇಕು ಕಣಮ್ಮ. ನಮ್ಮನೆ ಫ್ಯಾನೂ ತಿರುಗಬೇಕಲ್ಲ. ಆದರೆ ಒಲೆ ಪಕ್ಕ ಕೂತವರು ಹೊಗೆ ಬಗ್ಗೆ ಕೇಳಿದರೆ ಉತ್ತರ ಕೊಡಬೇಕು. ಪ್ಲಾಸ್ಟಿಕ್ ಅರೆಬರೆ ಸುಟ್ಟರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟಬಹುದು. ಅದಕ್ಕೇ ಇಂಥ ಕಡೆ ಶಾಖ ಇಳಿಯಬಾರದು, ಹೊಗೆಯನ್ನು ಸುಣ್ಣ, ಇದ್ದಿಲ ಪುಡಿ ಹಾಕಿ ಸೋಸಬೇಕು. ಅದರ ಅಳತೆ ಊರಿನವರಿಗೆ ಕಾಣುವ ಹಾಗೆ ಇರಬೇಕು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಒದ್ದೆ ಸೌದೆ ಉರಿಯಲ್ಲ ಅಂತ ಅಜ್ಜಿ ಹೇಳ್ತಾರೆ. ನಮ್ಮನೇಲಿ ಸಾರಿನ ಚರಟ, ಬಾಳೆಸಿಪ್ಪೆ, ಪ್ಲಾಸ್ಟಿಕ್ಕು ಎಲ್ಲಾ ಒಂದೇ ಬಕೆಟ್‌ಗೆ ಹಾಕ್ತೀವಲ್ಲ?”

ಆ ಮಾತನ್ನು ನಾನು ಹೇಳಿಕೊಟ್ಟದ್ದಲ್ಲ.

ರಜ ಮುಗಿಸಿ ಹೋದ ವಾರಕ್ಕೆ ಫೋನ್ ಬಂತು. ಅಡುಗೆಮನೆಯಲ್ಲಿ ಈಗ ಎರಡು ಬಕೆಟ್. ಹಸಿ ಕಸ ಬಾಲ್ಕನಿಯ ಗೊಬ್ಬರದ ಮಡಕೆಗೆ, ಹಳೆಯ ಸೆಲ್ಲುಗಳು ಬೇರೆ ಡಬ್ಬಿಗೆ. “ಅಪ್ಪ ಮರೆತು ಹಾಲಿನ ಕವರನ್ನ ಹಸಿ ಬಕೆಟ್‌ಗೆ ಹಾಕಿದ್ರು ತಾತ. ಬಿಡದಿ ತಾತನಿಗೆ ಹೇಳ್ತೀನಿ ಅಂತ ಹೆದರಿಸಿದೆ” ಎಂದಳು. ಟೀ ಅಂಗಡಿಯ ನನ್ನ ಸ್ನೇಹಿತರಿಗೆ ಈ ಸುದ್ದಿ ಮುಟ್ಟಿಸಲು ನಾಳೆ ಮತ್ತೆ ಬಿಡದಿಗೆ ಹೋಗಬೇಕು.