ಇಟಲಿ ಪಾತ್ರೆಗೆ ಕಲ್ಯಾಣದ ರಿಂಗು

ನಮ್ಮ ಭಾವ ಹಡಗಿನ ಎಂಜಿನಿಯರು. ಒಮ್ಮೆ ರಜೆಗೆ ಬಂದವರು ಜಿನೋವಾದಿಂದ ಎಂಟು ಮೂಲೆಯ ಅಲ್ಯೂಮಿನಿಯಂ ಕಾಫಿಪಾತ್ರೆಯೊಂದನ್ನು ತಂದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಕಟ್ಟೆಯ ಮೇಲಿಟ್ಟರು. 2005ರಲ್ಲಿ ಆ ದೊಡ್ಡ ಮಳೆ ಬಂತಲ್ಲ, ಅದಕ್ಕಿಂತ ಮೊದಲೋ ಆಮೇಲೋ, ಈಗ ನೆನಪಾಗುತ್ತಿಲ್ಲ. ಅಮ್ಮ ಅಂದದ್ದು ಮಾತ್ರ ನೆನಪಿದೆ: “ಇದೆಂತ ತಂದ್ರಿ ಅಳಿಯಂದಿರೇ, ಇದಕ್ಕೆ ಸೊಂಟ ಇದೆ, ಹೊಟ್ಟೆಯೇ ಇಲ್ಲವಲ್ಲ!”

ಅಮ್ಮ ಕೊಪ್ಪದ ಕಡೆಯವಳು. ಅವಳಿಗೆ ಕಾಫಿ ಎಂದರೆ ಹಿತ್ತಾಳೆ ಫಿಲ್ಟರು, ಮೇಲಿನ ಪಾತ್ರೆಯಲ್ಲಿ ಪುಡಿ ಹಾಕಿ ಕೊಡೆಯಂಥ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಬಿಸಿನೀರು ಸುರಿದು ಕಾಯುವುದು. ಪುಡಿ ಮಾಟುಂಗಾದ ಮೈಸೂರು ಕನ್ಸರ್ನ್ಸ್‌ನದೇ ಆಗಬೇಕು. ಅಪ್ಪ ಆಫೀಸಿನಿಂದ ಬರುವಾಗ ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿ, ಆ ನೂಕುನುಗ್ಗಲಲ್ಲಿ ಪುಡಿಯ ಪೊಟ್ಟಣವನ್ನು ಎದೆಗೊತ್ತಿ ಹಿಡಿದು ತರುತ್ತಿದ್ದರು. ಬೋಗಿಯಲ್ಲಿ ಯಾರಾದರೊಬ್ಬರು “ಕಾಪಿ ಕಾ?” ಎಂದು ಕೇಳದೆ ಠಾಣೆ ದಾಟುತ್ತಿರಲಿಲ್ಲವಂತೆ.

ಭಾವನ ಪಾತ್ರೆಯ ರೀತಿಯೇ ಬೇರೆ. ಕೆಳಗಿನ ಪಾತ್ರೆಯಲ್ಲಿ ವಾಲ್ವಿನ ಮಟ್ಟಕ್ಕಿಂತ ಕೆಳಗೆ ನೀರು, ಅದರೊಳಗೆ ಆಲಿಕೆಯಂಥ ಪುಡಿಯ ಬಟ್ಟಲು, ಮೇಲೆ ತಿರುಪಿ ಕೂರಿಸುವ ಪಾತ್ರೆ. ನೀರು ಕಾದಂತೆ ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರಿ ಡಿಕಾಕ್ಷನ್ ಆಗುತ್ತದೆ. 1933ರಲ್ಲಿ ಅಲ್ಫೋನ್ಸೋ ಬಿಯಾಲೆತ್ತಿ ಎನ್ನುವವರು ಇದನ್ನು ಮಾಡಿ ಮಾರಲು ಶುರುಮಾಡಿದ್ದು. ಅದನ್ನು ಲೋಕಕ್ಕೆಲ್ಲ ಮುಟ್ಟಿಸಿದ ಅವರ ಮಗ ರೆನಾತೋ 2016ರಲ್ಲಿ ತೀರಿಕೊಂಡಾಗ ಚಿತಾಭಸ್ಮವನ್ನು ಇಂಥದ್ದೇ ಆಕಾರದ ಪಾತ್ರೆಯಲ್ಲಿಟ್ಟರು. ಆ ಸುದ್ದಿ ಓದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪುಣ್ಯವಂತ” ಅಂದಳು.

“ಅತ್ತೆ, ಇದರಲ್ಲಿ ಪುಡಿ ಒತ್ತಬೇಡಿ, ಚಿಕೋರಿಯೂ ಬೇಡ, ಜರಡಿ ಕಟ್ಟಿಕೊಳ್ಳುತ್ತೆ” ಎಂದು ಭಾವ ಹೇಳಿ ಹೋದರು. ಅಮ್ಮ ಚಿಕೋರಿಯಿಲ್ಲದ, ಸ್ವಲ್ಪ ತರಿಯಾದ ಪುಡಿ ಬೀಸಿಸಿ ತರಿಸಿದಳು. ಮಳೆಗಾಲದ ಬೆಳಿಗ್ಗೆ ಪತ್ರೊಡೆ ಬೇಯುತ್ತಿರುವಾಗ ಪಕ್ಕದ ಒಲೆಯ ಮೇಲೆ ಅದು ಗುಳುಗುಳು ಅನ್ನುವುದು ಅವಳಿಗೂ ರುಚಿಸಿತು. ಪತ್ರೊಡೆಗೆ ಕೆಸುವಿನೆಲೆ ಡೊಂಬಿವಲಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಇಲ್ಲಿನವರು ಅದನ್ನು ಅಳೂ ಎಂದು ಕರೆದು ಅಳೂವಡಿ ಮಾಡುತ್ತಾರೆ. ಎಲೆ ಮಾರುವ ಮಾವಶಿಗೆ ಅಮ್ಮ ಪತ್ರೊಡೆ ಒಯ್ದು ಕೊಟ್ಟು, ಅವಳ ಕೈಯ ಅಳೂವಡಿ ತಿಂದು ಬಂದದ್ದುಂಟು. ಇರಲಿ, ಎಲ್ಲೋ ಹೋದೆ.

ಒಂದೆರಡು ವರ್ಷಕ್ಕೆ ಪಾತ್ರೆಯ ಸೊಂಟದಿಂದ ಸುಂಯ್ ಎಂದು ಆವಿ ಹೊರಡತೊಡಗಿತು. ಕೆಳಗೆ ನೀರು ಕುದಿಯುತ್ತದೆ, ಮೇಲೆ ಕಾಫಿ ಏರುವುದಿಲ್ಲ. ತಿರುಪು ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ರಿಂಗು ಕಲ್ಲಾಗಿ ಸೀಳಿದೆ. ಭಾವ ಯಾವ ಸಮುದ್ರದಲ್ಲಿದ್ದರೋ. ಆಗ ಮೊಬೈಲ್ ಒತ್ತಿದರೆ ಸಾಮಾನು ಮನೆಗೆ ಬರುವ ಕಾಲವೂ ಅಲ್ಲ.

ಫಡಕೆ ರೋಡಿನ ಪಾತ್ರೆ ಅಂಗಡಿಯವರು ಮೂರು ಲೀಟರ್ ಕುಕ್ಕರಿನ ರಿಂಗು ತೋರಿಸಿದರು. ಠಾಣೆಯ ಜಾಂಭಳಿ ನಾಕಾದ ಅಂಗಡಿಯ ಅಜ್ಜ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗಿದೆ, ಮಾರುತ್ತೀರಾ?” ಎಂದು ಕೇಳಿದರು. ಉಲ್ಹಾಸನಗರದಲ್ಲಿ ಸಿಗದ್ದೇ ಇಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಅಲ್ಲಿಗೂ ಹೋದೆ. ಮಿಕ್ಸಿ ಜಾರಿನ ರಿಂಗು ಸಿಕ್ಕಿತು. ಹೊರಸುತ್ತು ಸರಿ, ಒಳಸುತ್ತು ಸಣ್ಣ. ಹಾಕಿದರೆ ಜರಡಿಯ ತೂತೇ ಮುಚ್ಚಿಹೋಯಿತು.

ಕೊನೆಗೆ ಕಲ್ಯಾಣ್ ಪಶ್ಚಿಮದ ಮಾರ್ಕೆಟ್ಟಿನಲ್ಲಿ, ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಕುಕ್ಕರ್ ರಿಪೇರಿ ಕಾಕಾ ಸಿಕ್ಕಿದರು. ಹೆಸರು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಕುಕ್ಕರ್ ಕಾಕಾ. ಹಣೆಗೆ ಅಷ್ಟಗಂಧ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಆವತ್ತು ಜೋರು ಮಳೆ, ಅಮ್ಮನೂ ಜೊತೆಗಿದ್ದಳು. ಕಾಕಾ ಹಳೇ ರಿಂಗನ್ನು ಮೂಗಿಗೆ ಹಿಡಿದು ಮೂಸಿದರು. ಉಗುರಿನಿಂದ ಒತ್ತಿದರು. ಪಾತ್ರೆಯ ವಾಲ್ವನ್ನೂ ನೋಡಿ, “ಮಾವಶಿ, ಇದರ ಬಾಯಿಗೆ ಸುಣ್ಣ ಕಟ್ಟಿದೆ. ಮೊದಲು ಇದು ಬಿಡಬೇಕು, ಇಲ್ಲದಿದ್ದರೆ ಹೊಸ ರಿಂಗು ಹಾಕೋದೇ ಅಪಾಯ” ಎಂದರು ಮರಾಠಿಯಲ್ಲಿ. ವಿನೆಗರ್ ನೀರಿನಲ್ಲಿ ಅದ್ದಿಟ್ಟು, ವಾಲ್ವಿನ ಕಡ್ಡಿ ಬೆರಳಿಗೆ ಒಳಹೊರಗೆ ಸಲೀಸಾಗಿ ಆಡುವವರೆಗೆ ಬಿಡಲಿಲ್ಲ.

ಅವರ ಹತ್ತಿರ ಇದ್ದದ್ದು ಕರಿ ರಬ್ಬರಿನ ಹಾಳೆ. “ಇದು ಬೇಡ, ಕಾಫಿಗೆ ಟಯರಿನ ವಾಸನೆ ಹತ್ತುತ್ತೆ” ಎಂದು ಅವರೇ ಬದಿಗಿಟ್ಟರು. ಬಿಸಿ ತಾಳುವ ಬಿಳಿ ಸಿಲಿಕೋನ್ ಬೇಕು. ನಮ್ಮ ಮೇಲಿನ ಮನೆಯ ಧಾರವಾಡದ ಮಾಮ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ವಿಷಯ ಕೇಳಿ, “ಅಯ್ಯ, ಇಷ್ಟ ಏನು?” ಎಂದು, ಔಷಧದ ಕಾರ್ಖಾನೆಗಳಿಗೆ ಸಿಲಿಕೋನ್ ಹಾಳೆ ಮಾರುವವರಿಂದ ಅಂಗೈಯಗಲದ ತುಂಡೊಂದನ್ನು ಕೊಂಡು ತಂದುಕೊಟ್ಟರು. ಹಣ ಕೊಡಹೋದರೆ ಸಿಟ್ಟಾದರು.

ಕಾಕಾ ಕೈವಾರದ ಒಂದು ಕಾಲಿಗೆ ಬ್ಲೇಡು ಕಟ್ಟಿದ್ದರು. ಮರದ ಹಲಗೆಯ ಮೇಲೆ ಹಾಳೆ ಹಾಸಿ, ಉಸಿರು ಬಿಗಿಹಿಡಿದು ಹೊರಸುತ್ತು ಕೊಯ್ದರು, ಆಮೇಲೆ ಒಳಸುತ್ತು. ಮೊದಲನೆಯದು ಕೂದಲೆಳೆಯಷ್ಟು ಸಡಿಲಾಯಿತೆಂದು ಎಸೆದರು. ನನ್ನ ಕಣ್ಣಿಗೆ ಅದು ಸರಿಯಾಗೇ ಇತ್ತು. ಎರಡನೆಯದು ಟಪ್ಪೆಂದು ಕೂತಿತು.

ಅಲ್ಲೇ ಪಂಪ್ ಸ್ಟೋವ್ ಹಚ್ಚಿ ಬರೀ ನೀರು ಹಾಕಿ ನೋಡಿದರು. ಸೊಂಟ ಒಣಗಿಯೇ ಇತ್ತು. ಅಮ್ಮ ಚೀಲದಿಂದ ಪುಡಿಯ ಡಬ್ಬಿ ತೆಗೆದಳು. ಮನೆಯಿಂದಲೇ ತಂದಿದ್ದಳೆಂದು ನನಗೂ ಗೊತ್ತಿರಲಿಲ್ಲ. ಎದುರಿನ ಚಹಾದವನಿಂದ ಹಾಲು ಬಂತು. ಕಾಕಾ ಗ್ಲಾಸಿನಲ್ಲಿ ಒಂದು ಗುಟುಕು ಕುಡಿದು, ಮುಖ ಹಿಂಡಿ, “ಮಾವಶಿ, ಸಾಖರ್!” ಅಂದರು. ಅಮ್ಮ ಸಕ್ಕರೆ ಸುರಿದಳು. ಮತ್ತೊಂದು ಗುಟುಕು ಕುಡಿದು, ಉಳಿದ ಹಾಳೆಯನ್ನು ಹಲಗೆಯ ಮೇಲೆಳೆದು ಇನ್ನೊಂದು ರಿಂಗು ಕೊಯ್ಯತೊಡಗಿದರು, ಕೇಳದೆಯೇ, “ಇದು ಮುಂದಕ್ಕೆ ಇರಲಿ” ಎಂದು.