ಆರ್ಚರ್ಡ್ ಬೀದಿಯ ನುಡಿಗಳು

ನ್ಯೂಯಾರ್ಕ್ ನಗರದ ಲೋಯರ್ ಈಸ್ಟ್ ಸೈಡ್ ಬಡಾವಣೆಗೆ ಹೋದವರು ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ಇಟ್ಟಿಗೆಯ ಕಟ್ಟಡವನ್ನು ನೋಡಲೇಬೇಕು. 1863ರಲ್ಲಿ ಬಾಡಿಗೆಮನೆಗಳಿಗಾಗಿ ಕಟ್ಟಿದ ಇದು ಇಂದು ವಸ್ತುಸಂಗ್ರಹಾಲಯ. 1881ರಿಂದ 1924ರವರೆಗೆ ಪೂರ್ವ ಯೂರೋಪಿನಿಂದ ಅಮೆರಿಕೆಗೆ ಬಂದ ಸುಮಾರು 20 ಲಕ್ಷ ಯಹೂದಿಗಳಲ್ಲಿ ಅನೇಕರು ಮೊದಲು ಬಿಡಾರ ಹೂಡಿದ್ದು ಈ ಬೀದಿಗಳ ಇಕ್ಕಟ್ಟಾದ ಕೋಣೆಗಳಲ್ಲಿಯೇ. ಅವರ ಮನೆಮಾತು ಯಿಡ್ಡಿಶ್. ಒಡಲು ಜರ್ಮನ್ ನುಡಿಯದು, ಲಿಪಿ ಹೀಬ್ರೂವಿನದು.

ಆ ಮಾತುಗಳು ಬೀದಿಗಿಳಿದು ಇಂಗ್ಲಿಷಿನ ಆಡುನುಡಿಯನ್ನು ಹೊಕ್ಕವು. ಭಾರ ಹೊತ್ತು ಏಗುವುದು ‘ಶ್ಲೆಪ್’, ಸದಾ ಗೊಣಗುವುದು ‘ಕ್ವೆಚ್’. ‘ಹುಟ್ಸ್‌ಪಾ’ ಎಂದರೆ ನಾಚಿಕೆಗೆಟ್ಟ ಎದೆಗಾರಿಕೆ: ತಂದೆತಾಯಿಗಳನ್ನು ಕೊಂದವನು, ತಬ್ಬಲಿಯೆಂದು ನ್ಯಾಯಾಧೀಶರಲ್ಲಿ ಕರುಣೆ ಬೇಡಿದನಂತೆ! ಮೂಲದಲ್ಲಿ ಬೈಗುಳವಾದ ಇದನ್ನು ಅಮೆರಿಕನ್ನರು ಅರೆಮೆಚ್ಚುಗೆಯಿಂದಲೂ ಬಳಸುತ್ತಾರೆ. ನಮಗೆ ಪ್ರಿಯವಾದುದು ‘ಮೆನ್ಶ್’. ಜರ್ಮನ್ನಿನಲ್ಲಿ ಬರಿಯ ಮನುಷ್ಯ. ಯಿಡ್ಡಿಶಿನಲ್ಲಿ ಅದಲ್ಲದೆ, ನಂಬಿ ನಡೆಯಬಹುದಾದ ಸಜ್ಜನ.

ಎರಡನೆಯ ಮಹಾಯುದ್ಧಕ್ಕೆ ಮುನ್ನ ಇದನ್ನು ಆಡುವವರು ಒಂದು ಕೋಟಿಯಷ್ಟಿದ್ದರು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಇವರೇ. ಅಮೆರಿಕೆಯಲ್ಲಿಯೋ, ಮಕ್ಕಳು ಶಾಲೆಯ ಇಂಗ್ಲಿಷಿಗೆ ಹೊರಳಿದರು. ಅಜ್ಜಿಯ ಮಾತು ಮೊಮ್ಮಕ್ಕಳಿಗೆ ಹತ್ತಾರು ಪದಗಳಾಗಿ ಉಳಿಯಿತು. ಆದರೆ ಸೇತುವೆ ದಾಟಿ ವಿಲಿಯಮ್ಸ್‌ಬರ್ಗಿಗೆ ಹೋದರೆ, ಅಲ್ಲಿನ ಹಸೀದಿ ಮನೆಗಳಲ್ಲಿ ಕೂಸುಗಳು ಇಂದಿಗೂ ತೊದಲುವುದು ಯಿಡ್ಡಿಶಿನಲ್ಲಿಯೇ.